ಏಳಡಿಯ ಹಸಿರು ಖಾಲಾ

ನಮ್ಮ ಖಾಲಾ ಸದ್ಯಕ್ಕೆ ಏಳಡಿ ಎತ್ತರ ಇದ್ದಾರೆ. ಮೈಬಣ್ಣ ಹಸಿರು. ಕೆಳದವಡೆಯಿಂದ ಹೊರಟ ಎರಡು ಕೋರೆಹಲ್ಲು ಮೂಗನ್ನು ಮುಟ್ಟುತ್ತಿವೆ. ಕುತ್ತಿಗೆ ಎಂಬುದು ಇಲ್ಲವೇ ಇಲ್ಲ, ತಲೆ ನೇರವಾಗಿ ಭುಜದ ಮೇಲೆ ಕೂತಿದೆ. ಇವನಿಗೆ ಅವರ ಮೇಲೆ ಏನೋ ಸಿಟ್ಟಿರಬೇಕು, ಅದಕ್ಕೇ ಹೀಗೆ ಬರೆಯುತ್ತಿದ್ದಾನೆ ಎಂದುಕೊಳ್ಳಬೇಡಿ. ಈ ರೂಪವನ್ನು ಅವರು ತಾವಾಗಿಯೇ, ಭಾನುವಾರಗಟ್ಟಲೆ ಕೂತು, ಇಷ್ಟಪಟ್ಟು ಆರಿಸಿಕೊಂಡದ್ದು!

ಖಾಲಾ ಎಂದರೆ ನನ್ನ ಅಮ್ಮನ ತಂಗಿ, ನೀವು ಚಿಕ್ಕಮ್ಮ ಅಂದುಕೊಳ್ಳಿ. ಏಳಡಿ ಇರುವುದು ಕಂಪ್ಯೂಟರಿನ ಒಳಗೆ. ಹೊರಗೆ ಅವರು ಐದಡಿಗೂ ಒಂದಿಷ್ಟು ಕಡಿಮೆ. ಡಚ್ಚರ ನಾಡಿನ ವೂರ್‌ಬರ್ಗ್ ಊರಿನಲ್ಲಿರುವ ಅವರ ಮನೆಯ ಅಡುಗೆಕಪಾಟನ್ನು ಹಿಂದೆ ಯಾರೋ ಡಚ್ ಮಹಾನುಭಾವ ತನ್ನ ಅಳತೆಗೆ ಹೊಡೆಸಿಕೊಂಡು ಹೋಗಿದ್ದಾನೆ. ಹಾಗಾಗಿ ಖಾಲಾ ಒಂದು ಚಿಟಿಕೆ ಜೀರಿಗೆ ಬೇಕೆಂದರೂ ಸ್ಟೂಲು ಹತ್ತಬೇಕು. ಹುಟ್ಟೂರು ದಾವಣಗೆರೆ, ವಯಸ್ಸು ಐವತ್ತು ದಾಟಿದೆ, ಒಂದು ಕಂಪನಿಯಲ್ಲಿ ಸಾಫ್ಟ್‌ವೇರ್ ಟೆಸ್ಟರ್. ಅಂದರೆ ಬೇರೆಯವರು ಮಾಡಿದ್ದರಲ್ಲಿ ತಪ್ಪು ಹುಡುಕುವುದು. ಅದಕ್ಕೆ ಸಂಬಳ ಬೇರೆ ಕೊಡುತ್ತಾರೆ!

ಆದರೆ ಅವರ ನಿಜವಾದ ಕೀರ್ತಿ ಇರುವುದು ಸೂಟ್‌ಕೇಸಿನಲ್ಲಿ. ಬೇಸಿಗೆ ರಜೆ ಬಂತೆಂದರೆ ಸುತ್ತಮುತ್ತ ಇರುವ ನಮ್ಮ ಕಡೆಯವರೆಲ್ಲ ಊರಿಗೆ ಹೊರಡುತ್ತಾರೆ, ಹೊರಡುವ ಮೊದಲು ಖಾಲಾಗೆ ಕರೆ ಬರುತ್ತದೆ. ಇವರು ಹೋಗಿ, ಸೂಟ್‌ಕೇಸಿನ ಹಿಡಿ ಹಿಡಿದು, ಒಂದು ಸಲ ನೆಲದಿಂದ ಗೇಣುದ್ದ ಎತ್ತುತ್ತಾರೆ. ಇಳಿಸುತ್ತಾರೆ. ಕಣ್ಣು ಮುಚ್ಚುತ್ತಾರೆ. ಇನ್ನೊಂದು ಸಲ ಎತ್ತುತ್ತಾರೆ. ಆಮೇಲೆ ತೀರ್ಪು. "ಇಪ್ಪತ್ನಾಲ್ಕೂವರೆ. ಆ ಚೀಸ್ ತೆಗೀರಿ. ನಿಮ್ಮ ಅತ್ತೆ ಅದನ್ನ ಸೋಪು ಅಂತ ಬಚ್ಚಲಲ್ಲಿ ಇಟ್ಕೋತಾರೆ." ಚೀಸ್ ತೆಗೆದು ತಕ್ಕಡಿಗೆ ತೂಗುಹಾಕಿ ನೋಡಿದರೆ ಸರಿಯಾಗಿ ಇಪ್ಪತ್ಮೂರು ಕಿಲೋ, ವಿಮಾನದವರು ಬಿಡುವಷ್ಟೇ!

"ಎರಡು ಸಲ ಯಾಕೆ ಎತ್ತೋದು ಖಾಲಾ?" ಎಂದು ನಾನು ಕೇಳಿದ್ದೆ.

"ಮೊದಲ್ನೇ ಸಲ ತೂಕ ನಮಗೆ ಸುಳ್ಳು ಹೇಳ್ತೈತೆ ಬೇಟಾ. ಇಳಿಸಿ ಎತ್ತಿದ್ರೆ ನಿಜ ಹೇಳ್ತೈತೆ."

ನಾನು ಪಕ್ಕದೂರು ಡೆಲ್ಫ್ಟಿನಲ್ಲಿ ನೀರಿನ ಒತ್ತಡಕ್ಕೆ ಗೋಡೆಗಳು ಎಷ್ಟು ತಡೆಯುತ್ತವೆ ಎಂದು ಸಂಶೋಧನೆ ಮಾಡುವವನು. ಈ ಮಾತಿಗೆ ನನ್ನ ಗೈಡು ಕೂಡ ಉತ್ತರ ಹೇಳಲಾರರು. ಭಾನುವಾರ ಖಾಲಾ ಮನೆಯ ಬಿರಿಯಾನಿಗಾಗಿ ಎದುರುಗಾಳಿಯಲ್ಲಿ ಸೈಕಲ್ ತುಳಿದುಕೊಂಡು ಬರುವ ನನಗೆ ಉತ್ತರ ಬೇಕಾಗಿಯೂ ಇಲ್ಲ.

ಈಗ ಹಸಿರು ಬಣ್ಣಕ್ಕೆ ಬರೋಣ. ಖಾಲಾಗೆ ಒಬ್ಬಳೇ ಮಗಳು, ಸನಾ. ಆರೇಳು ವರ್ಷದ ಹಿಂದೆ, ಅವಳಿನ್ನೂ ಚಿಕ್ಕವಳಿದ್ದಾಗ, ಒಂದು ಕಂಪ್ಯೂಟರ್ ಆಟಕ್ಕೆ ಹಠ ಹಿಡಿದಿದ್ದಳು. ಬೇರೆ ಬೇರೆ ಊರಿನವರು ತಂತಮ್ಮ ಮನೆಯಲ್ಲೇ ಕೂತು ಒಂದೇ ಮಾಯಾಲೋಕದಲ್ಲಿ ಓಡಾಡುವ ಆಟ. ಮೊದಲು ನಿಮಗೊಂದು ಪಾತ್ರ ಕಟ್ಟಿಕೊಳ್ಳಬೇಕು, ಆಮೇಲೆ ರಾಕ್ಷಸರು, ಗುಹೆಗಳು, ನಿಧಿ ಇತ್ಯಾದಿ. ಮಗಳು ಏನು ಆಡುತ್ತಾಳೆ ಎಂದು ನೋಡಬೇಕಲ್ಲ, ಖಾಲಾ ತಾವೂ ಸೇರಿಕೊಂಡರು. ಆಗ ಅವರು ಕಟ್ಟಿದ್ದು ಒಬ್ಬ ಬಳುಕುವ ವನಕನ್ಯೆಯನ್ನು. ಕೈಯಲ್ಲಿ ಬಿಲ್ಲು, ಹೆಗಲ ಮೇಲೆ ತಮ್ಮದೇ ದುಪಟ್ಟಾ ಬಣ್ಣದ ಶಾಲು! ಮೂಗು ಆರಿಸುವುದಕ್ಕೇ ಅರ್ಧ ದಿನ ಹಿಡಿಯಿತಂತೆ. ತಾಯಿ ಮಗಳು ಕೆಲವು ತಿಂಗಳು ಜೋರಾಗಿ ಆಡಿದರು. ಆಮೇಲೊಂದು ದಿನ ಏನಾಯಿತೋ, ಸನಾ ಅತ್ತಳು, ಆಟ ನಿಂತೇಹೋಯಿತು.

ಕಳೆದ ವರ್ಷ ಸನಾ ಓದಲು ಗ್ರೋನಿಂಗನ್‌ಗೆ ಹೋದಳು. ಅಲ್ಲಿನ ನಿಯಮ ಕಟುವಾದದ್ದು. ಮೊದಲ ವರ್ಷವೇ ಬೇಕಾದಷ್ಟು ಪಾಸಾಗದಿದ್ದರೆ ಆ ಕೋರ್ಸಿನಿಂದಲೇ ಹೊರಗೆ. ಚಳಿಗಾಲದ ಪರೀಕ್ಷೆ ಮುಗಿದ ಮೇಲೆ ಅವಳು ಫೋನ್ ಎತ್ತುವುದನ್ನು ನಿಲ್ಲಿಸಿದಳು. ಮೆಸೇಜ್ ಹಾಕಿದರೆ ಒಂದು ಹೆಬ್ಬೆರಳಿನ ಚಿತ್ರ ಬರುತ್ತಿತ್ತು. ಖಾಲಾ ಡಬ್ಬಿಗಳನ್ನು ತುಂಬಿಕೊಂಡು ರೈಲು ಹತ್ತಿ ಅಷ್ಟು ದೂರ ಹೋದರು. ಸನಾ ಕೆಳಗಿಳಿದು ಬಂದು, ಬಾಗಿಲಲ್ಲೇ ಡಬ್ಬಿ ತಗೊಂಡು, "ಸಾರಿ ಅಮ್ಮಿ, ತುಂಬಾ ಸ್ಟಡಿ ಇದೆ" ಎಂದು ವಾಪಸ್ ಕಳಿಸಿದಳು. ವಾಪಸ್ ಬಂದ ಖಾಲಾ ಎರಡು ದಿನ ಯಾರ ತಪ್ಪನ್ನೂ ಹುಡುಕಲಿಲ್ಲ. ನಮಗೆಲ್ಲ ಭಯವಾಯಿತು.

"ಸ್ವಲ್ಪ ಟೈಮ್ ಕೊಡು ಅವಳಿಗೆ" ಅಂದರು ಖಾಲೂ. ಖಾಲೂ ಎಂದರೆ ಖಾಲಾ ಅವರ ಗಂಡ. ಕಡಿಮೆ ಮಾತಿನವರು. ಆ ಮನೆಯಲ್ಲಿ ಮಾತಿಗೆ ಜಾಗ ಸಿಗುವುದೂ ಕಡಿಮೆ.

ಹೀಗಿರುವಾಗ ಖಾಲಾ ತಮ್ಮ ಫೋನಿನಲ್ಲಿ ಬೇಡದ್ದನ್ನೆಲ್ಲ ಅಳಿಸುತ್ತ ಕೂತಿದ್ದರು. ಆ ಹಳೇ ಆಟದ ಆಪ್ ಕಾಣಿಸಿತು. ಅಳಿಸುವ ಮೊದಲು ತೆರೆದು ನೋಡಿದರೆ, ಸನಾ ಹೆಸರಿನ ಮುಂದೆ ಹಸಿರು ಚುಕ್ಕೆ! ಕೆಳಗೆ ಅವಳು ಆ ಲೋಕದಲ್ಲಿ ಎಲ್ಲಿದ್ದಾಳೆ ಎಂಬುದೂ ಇದೆ.

"ಫೋನ್ ಎತ್ತಲ್ಲ, ಬಾಗಿಲು ತೆಗೆಯಲ್ಲ, ಇಲ್ಲಿ ಐದಾಳೆ ನೋಡ್ರಿ!" ಎಂದು ಖಾಲಾ ಕೂಗಿದ ಕೂಗಿಗೆ ಪಕ್ಕದ ಮನೆಯವರು ಗೋಡೆ ತಟ್ಟಿದರು.

ಅವಳು ಅಲ್ಲಿ ಒಬ್ಬಳೇ ಇರುತ್ತಿದ್ದಳು. ಜೊತೆಗೆ ಗೆಳೆಯರಿಲ್ಲ, ಗುಂಪಿಲ್ಲ. ಒಂದೇ ಗುಹೆಗೆ ಒಬ್ಬಳೇ ಹೋಗುವುದು, ಬೀಳುವುದು, ಮೊದಲಿನಿಂದ ಶುರುಮಾಡುವುದು. ಅದನ್ನು ನೋಡಿ ಖಾಲಾ ಹೇಳಿದರು, "ನಾನೂ ಒಳಗೆ ಹೋಗ್ತೀನಿ."

"ಮೆಸೇಜ್ ಹಾಕಿ ಸಾಕು, ಆಟದಲ್ಲೇ" ಅಂದೆ.

"ನಕ್ಕೋ, ಬೇಡ. ಅಲ್ಲೂ ಹೆಬ್ಬೆರಳು ತೋರಿಸಿದ್ರೆ ಇರೋ ಒಂದು ಕಿಟಕಿನೂ ಮುಚ್ಚಿದಂಗೆ. ನಾನು ಅಂತ ಗೊತ್ತಾಗಬಾರದು."

ಹಳೆಯ ವನಕನ್ಯೆ ಬಿಟ್ಟಲ್ಲೇ ಇದ್ದಳು, ಒಂದು ಗುಹೆಯ ಬಾಯಲ್ಲಿ, ಬಿಲ್ಲು ಹಿಡಿದುಕೊಂಡು. "ಪಾಪ, ಇಷ್ಟು ವರ್ಷ ನಿಂತೇ ಐದಾಳೆ" ಎಂದು ಖಾಲಾ ಅವಳನ್ನು ಒಂದು ಹೋಟೆಲಿಗೆ ನಡೆಸಿಕೊಂಡು ಹೋಗಿ ಬೆಂಚಿನ ಮೇಲೆ ಕೂರಿಸಿದರು. ಆಮೇಲೆ ಹೊಸ ಹೆಸರಿನಲ್ಲಿ ಹೊಸ ಪಾತ್ರ ಕಟ್ಟಲು ಕೂತರು. ಅಲ್ಲಿಂದ ನನ್ನ ಕಷ್ಟ ಆರಂಭವಾಯಿತು.

ಆಟ ನಿಮಗೊಂದಿಷ್ಟು ಅಂಕ ಕೊಡುತ್ತದೆ. ಅದನ್ನು ಬಲ, ಬುದ್ಧಿ, ಚುರುಕು, ಮಾತುಗಾರಿಕೆ ಎಂದು ಹಂಚಬೇಕು. ನಾನು ವಿದ್ಯಾವಂತ, ಪಕ್ಕದಲ್ಲಿ ಕೂತು ಲೆಕ್ಕಾಚಾರವಾಗಿ ಸಲಹೆ ಕೊಟ್ಟೆ. ಬುದ್ಧಿಗೆ ಇಷ್ಟು ಹಾಕಿ, ಮಂತ್ರ ಬರುತ್ತದೆ. ಚುರುಕಿಗೆ ಇಷ್ಟು, ಏಟು ತಪ್ಪುತ್ತದೆ. ಖಾಲಾ ಎಲ್ಲ ಕೇಳಿಸಿಕೊಂಡು, ಇದ್ದಬದ್ದ ಅಂಕವನ್ನೆಲ್ಲ ಬಲದ ಮೇಲೆ ಸುರಿದರು. ಬುದ್ಧಿ ಸೊನ್ನೆ!

"ಖಾಲಾ! ಕತ್ತಿವಿದ್ಯೆ?"

"ಕತ್ತಿ ಯಾಕೆ? ನಾನೇನು ಜಗಳಕ್ಕೆ ಹೊಂಟಿದೀನಾ?"

"ಮತ್ತೆ ಇಷ್ಟು ಬಲ ಯಾಕೆ?"

"ಸಾಮಾನು ಹೊರೋಕೆ."

ಬುದ್ಧಿ ಸೊನ್ನೆಯಾದರೆ ಏನಾಗುತ್ತದೆ ಗೊತ್ತೇ? ಆ ಲೋಕದ ಜನ ನಿಮ್ಮ ಹತ್ತಿರ ನಿಧಾನವಾಗಿ, ಬಿಡಿಸಿ ಬಿಡಿಸಿ ಮಾತಾಡುತ್ತಾರೆ. ಉತ್ತರ ಕೊಡಲು ನಿಮಗೆ ಹೂಂ, ಊಹೂಂ ಎರಡೇ. ಖಾಲಾಗೆ ಇದು ಭಾರಿ ಹಿಡಿಸಿತು. "ಈ ದೇಶಕ್ಕೆ ಬಂದ ಹೊಸದ್ರಲ್ಲಿ ನಂದೂ ಇದೇ ಗತಿ. 'ಯಾ', 'ನೇ' ಎರಡರಲ್ಲೇ ಮನೆ, ಕರೆಂಟು, ಡಾಕ್ಟರು ಎಲ್ಲಾ ಮಾಡ್ಕೊಂಡೆ. ಬುದ್ಧಿ ಐತೆ ಅಂತ ಯಾರಿಗೂ ಗೊತ್ತಾಗಲಿಲ್ಲ, ಕೆಲಸ ಏನೂ ನಿಲ್ಲಲಿಲ್ಲ."

ಇನ್ನು ಅವರು ಆಡುವ ರೀತಿ! ಆ ಲೋಕದಲ್ಲಿ ಕಂಡವರ ಮನೆಗೆ ನುಗ್ಗಿ ಪೆಟ್ಟಿಗೆ ತೆರೆದು ಚಿನ್ನ ಬಾಚುವುದು ರೂಢಿ. ಖಾಲಾ ಬಾಗಿಲಲ್ಲೇ ನಿಲ್ಲುತ್ತಿದ್ದರು. "ಯಾರ್ದೋ ಮನೆ ಪೆಟ್ಟಿಗೆ ತೆಗೆಯೋಕೆ ನಮಗೇನು ಬಂದೈತೆ?" ಗಿರಣಿಯವನ ಮೂಟೆ ಹೊತ್ತು ಬಲ ಬೆಳೆಸಿಕೊಂಡರು, ಕೂಲಿಯಾಗಿ ಅವನು ಕೊಟ್ಟ ಎಲೆಕೋಸುಗಳನ್ನು ಚೀಲ ತುಂಬ ಇಟ್ಟುಕೊಂಡರು. ಎದುರಿಗೆ ಬಂದವರಿಗೆಲ್ಲ ಬಾಗಿ ಸಲಾಂ ಮಾಡುತ್ತಿದ್ದರು. ದಾರಿಗಳ್ಳನಿಗೂ! ಅವನು ತಲೆಗೆ ಹೊಡೆದ. "ಸಲಾಂಗೆ ಜವಾಬು ಕೊಡೋದು ಕಲ್ತಿಲ್ಲ ನೋಡು" ಅಂದರು.

ಇಷ್ಟಕ್ಕೇ ಮುಗಿಯಲಿಲ್ಲ. ಆಟದಲ್ಲಿ ಒಂದು ನಿಯಮವಿದೆ. ಯಾರಾದರೂ ಬಿದ್ದರೆ ಇನ್ನೊಬ್ಬರು ಅವರನ್ನು ಹೊತ್ತು ಊರಬಾಗಿಲ ವೈದ್ಯೆಗೆ ಒಪ್ಪಿಸಬಹುದು. ಆಗ ಬಿದ್ದವರು ಏನೂ ಕಳೆದುಕೊಳ್ಳುವುದಿಲ್ಲ. ಹೊರುವವರಿಲ್ಲದಿದ್ದರೆ ಗಳಿಸಿದ್ದೆಲ್ಲ ಹೋಗಿ ಮತ್ತೆ ಮೊದಲಿನಿಂದ. ಆದರೆ ಹೊರುವುದಕ್ಕೆ ಭಯಂಕರ ಬಲ ಬೇಕು, ಆದ್ದರಿಂದ ಯಾರೂ ಆ ಗೋಜಿಗೆ ಹೋಗುವುದಿಲ್ಲ. ಖಾಲಾ ಹೋದರು. ಅಭ್ಯಾಸಕ್ಕೆ ಬೀಳುವವರು ಬೇಕಲ್ಲ, ಯಾರು ಸಿಕ್ಕಿದರು ಹೇಳಿ? ಬಿರಿಯಾನಿಗೆ ಬಂದ ಬಡಪಾಯಿ! ನನ್ನಿಂದ ಒಬ್ಬ ಮಂತ್ರವಾದಿಯನ್ನು ಕಟ್ಟಿಸಿದರು.

"ಹೋಗಿ ಆ ತೋಳದ ಬಾಯಿಗೆ ಬೀಳು ಬೇಟಾ."

"ಊಟ ಮಾಡಿ ಬೀಳ್ತೀನಿ ಖಾಲಾ."

"ಮೊದಲು ಬಿದ್ದು ಬಾ, ಆಮೇಲೆ ಹಾಕ್ತೀನಿ."

ಬಿದ್ದೆ. ಹಸಿರು ರಾಕ್ಷಸಿ ಬಂದು ನನ್ನನ್ನು ಗೇಣುದ್ದ ಎತ್ತಿದಳು. ಇಳಿಸಿದಳು. ಮತ್ತೆ ಎತ್ತಲು ನೋಡಿ ಬಿಟ್ಟಳು. "ಏನ್ ತುಂಬ್ಕೊಂಡಿದೀಯೋ ಒಳಗೆ?" "ಮಂತ್ರದ ಪುಸ್ತಕ." "ತೆಗಿ ಅವನ್ನ! ಓದಿ ಯಾರು ಉದ್ಧಾರ ಆಗಬೇಕು?" ಪಿಎಚ್‌ಡಿ ವಿದ್ಯಾರ್ಥಿಗೆ ಹೇಳುವ ಮಾತೇ ಇದು?

ಎಷ್ಟು ಭಾನುವಾರ ಬಿದ್ದೆನೋ ಲೆಕ್ಕವಿಲ್ಲ. ಕೊನೆಗೆ ನನ್ನನ್ನು ಪುಸ್ತಕಗಳ ಸಮೇತ ಎತ್ತಿಕೊಂಡು ಓಡಾಡತೊಡಗಿದರು. ಆಮೇಲೆ ಅಪರಿಚಿತರನ್ನೂ ಹೊತ್ತರು. ಎಲ್ಲೋ ಬಿದ್ದು ಒದ್ದಾಡುತ್ತಿದ್ದ ಹುಡುಗರನ್ನು ತಂದು ವೈದ್ಯೆಯ ಬಾಗಿಲಲ್ಲಿ ಇಳಿಸಿ, ಪಕ್ಕದಲ್ಲೊಂದು ಎಲೆಕೋಸು ಇಟ್ಟು, ಮಾತಾಡದೆ ಹೋಗಿಬಿಡುತ್ತಿದ್ದರು. ಆ ಹುಡುಗರು ಇವರಿಗೆ 'ಓಮಾ' ಎಂದು ಹೆಸರಿಟ್ಟರು. ಡಚ್ಚಿನಲ್ಲಿ ಅಜ್ಜಿ ಎಂದರ್ಥ. ಖಾಲಾ ಮುನಿಸಿಕೊಂಡಂತೆ ಮಾಡಿದರು. ಆದರೆ ಮಾರನೇ ವಾರ ಎಲೆಕೋಸು ಎರಡೆರಡು ಇಡುತ್ತಿದ್ದರು.

ಅದೊಂದು ಭಾನುವಾರ ಮಧ್ಯಾಹ್ನ. ಬಿರಿಯಾನಿ ದಮ್ಮಿನ ಮೇಲಿತ್ತು. ಖಾಲಾ ಸ್ಟೂಲಿನ ಮೇಲೆ ನಿಂತು ತಟ್ಟೆ ತೆಗೆಯುತ್ತಿದ್ದರು. ಹಸಿರು ಚುಕ್ಕೆ ಕಾಯುವ ಕೆಲಸ ಖಾಲೂ ಅವರದು. ಕಿತ್ತಳೆ ಸುಲಿಯುತ್ತ ಫೋನ್ ನೋಡುತ್ತಿದ್ದವರು ಒಮ್ಮೆಲೇ ಹೇಳಿದರು, "ಬಿದ್ಳು."

ಖಾಲಾ ಸ್ಟೂಲಿನಿಂದ ಹೇಗೆ ಇಳಿದರೋ ನನಗೆ ಕಾಣಲಿಲ್ಲ. ಕಂಪ್ಯೂಟರಿನ ಮುಂದೆ ಕೂತಾಗ ಕೈಯಲ್ಲಿ ತಟ್ಟೆ ಹಾಗೇ ಇತ್ತು. ಗುಹೆಯೊಳಗೆ ಹೋದರು. ಅಲ್ಲಿನ ಪಿಶಾಚಿಗಳು ಎರಡೂ ಕಡೆಯಿಂದ ಬಡಿಯತೊಡಗಿದವು. ಹಸಿರು ರಾಕ್ಷಸಿ ತಿರುಗಿಯೂ ನೋಡದೆ ನಡೆಯುತ್ತಿದ್ದಾಳೆ!

"ಖಾಲಾ, ಹೊಡೀರಿ! ಆ ಕೋಲಾದರೂ ತಗೊಳ್ಳಿ!"

"ಕೈ ಖಾಲಿ ಇರಬೇಕು ಬೇಟಾ."

ದಾರಿಯುದ್ದಕ್ಕೂ ಎಲೆಕೋಸುಗಳನ್ನು ಎಸೆಯುತ್ತ ಭಾರ ಇಳಿಸಿಕೊಂಡರು. ಖಾಲೂ ನನ್ನ ಕಿವಿಯಲ್ಲಿ ಹೇಳಿದರು, "ಇದೇ ಗುಹೆ. ಅವತ್ತು ಸನಾ ಇಲ್ಲೇ ಬಿದ್ದಿದ್ಲು. ನಿನ್ನ ಖಾಲಾ ಎಷ್ಟು ಎಳೆದ್ರೂ ಎತ್ತೋಕಾಗಲಿಲ್ಲ, ಬಿಟ್ಟು ಬಂದ್ಲು. ಮಗು ಬಹಳ ಅತ್ತಿತ್ತು. 'ಅಮ್ಮಿ, ಬಿಟ್ಟು ಹೋಗ್ಬೇಡ' ಅಂತ." ಇಷ್ಟು ದಿನ ನಾನು ನಕ್ಕಿದ್ದು ಇದಕ್ಕಾ?

ಸನಾ ಗುಹೆಯ ಕೊನೆಯಲ್ಲಿ ಬಿದ್ದಿದ್ದಳು. ತಲೆಯಿಂದ ಕಾಲಿನವರೆಗೆ ಕಬ್ಬಿಣದ ಕವಚ. ಹಸಿರು ರಾಕ್ಷಸಿ ಬಾಗಿ ಅವಳನ್ನು ಗೇಣುದ್ದ ಎತ್ತಿದಳು. ತೆರೆಯ ಮೇಲೆ ಡಚ್ಚಿನಲ್ಲಿ ಅಕ್ಷರ ಮೂಡಿತು: "ನೀನು ಯಾರು?" ರಾಕ್ಷಸಿ ಅವಳನ್ನು ಮೆಲ್ಲಗೆ ಇಳಿಸಿದಳು. ಮತ್ತೆ ಎತ್ತಿ ಹೆಗಲಿಗೆ ಹಾಕಿಕೊಂಡು ಹೊರಟಳು.

ಗುಹೆಯ ಬಾಯಿ ದಾಟಿದ ಮೇಲೆ ತೆರೆಯಲ್ಲಿ ಮತ್ತೆ ಅಕ್ಷರ ಮೂಡಿತು: "ಅಮ್ಮಿ?"

ಖಾಲಾ ಮೊದಲು ನನ್ನನ್ನು ನೋಡಿದರು, ಆಮೇಲೆ ಗಂಡನನ್ನು. ಅಷ್ಟರಲ್ಲಿ ಫೋನ್ ರಿಂಗಾಯಿತು. ಖಾಲೂ ಸ್ಪೀಕರ್ ಒತ್ತಿ ಪಕ್ಕದಲ್ಲಿಟ್ಟರು.

"ಅಮ್ಮಿ, ಇಟ್ಸ್ ಯು, ರೈಟ್? ಎತ್ತಿ, ಇಳಿಸಿ, ಮತ್ತೆ ಎತ್ತೋರು ಬೇರೆ ಯಾರಿದ್ದಾರೆ?" ಸನಾ ನಗುತ್ತಿದ್ದಳು, ಅಥವಾ ಹಾಗೆ ಕೇಳಿಸಿತು. "ಎಷ್ಟಿದೀನಿ ಹೇಳು. ಇಪ್ಪತ್ಮೂರು ಮೀರಿದೀನಾ?"

ಏಳಡಿಯ ರಾಕ್ಷಸಿಯ ಹೆಗಲ ಮೇಲೆ ಕಬ್ಬಿಣ ತೊಟ್ಟು ಮಲಗಿದ್ದ ಮಗಳಿಗೆ ನಮ್ಮ ಖಾಲಾ ಹೇಳಿದರು, "ಇಳಿದು ಹೋಗಿದೀಯ ಕಣೇ. ಸರಿಯಾಗಿ ಉಣ್ತಿಲ್ಲ ನೀನು."

ಆ ಕಡೆ ನಗು ನಿಂತಿತು. ಆಮೇಲೆ ಕೇಳಿಸಿದ್ದು ಅಳು. ತಿಂಗಳುಗಟ್ಟಲೆ ಹಿಡಿದಿಟ್ಟುಕೊಂಡಿದ್ದ ಅಳು. "ಅಮ್ಮಿ, ಕೋರ್ಸ್ ಹೋಯ್ತು. ನಂಗೆ ಹೇಳೋಕೆ... ಐ ಕುಡಂಟ್. ಎಲ್ಲಾ ಮೊದಲಿಂದ ಮಾಡ್ಬೇಕು."

"ಹೋದ್ರೆ ಹೋಗಲಿ. ಮೊದಲಿಂದ ಮಾಡೋಣ. ನಾನು ಮಾಡ್ಲಿಲ್ವಾ, ಈ ವಯಸ್ಸಲ್ಲಿ, ಬುದ್ಧಿ ಸೊನ್ನೆ ಇಟ್ಕೊಂಡು?"

ಅಳುತ್ತಲೇ ಸನಾ ನಕ್ಕಳು. ಈ ಸಲ ಅದು ನಿಜವಾದ ನಗುವೇ. ತಾಯಿ ಮಾತಾಡುತ್ತ, ಮಗಳು ಸೊರಸೊರ ಮೂಗೆಳೆಯುತ್ತ, ಇಬ್ಬರೂ ಊರಬಾಗಿಲು ತಲುಪಿದರು. ವೈದ್ಯೆ ಎದುರಿಗೇ ನಿಂತಿದ್ದಳು.

"ಬಂತು. ಇಳಿಸ್ಲಾ?" ಕೇಳಿದರು ಖಾಲಾ.

"ಈಗ್ಲೇ ಬೇಡ ಅಮ್ಮಿ."

ಖಾಲಾ ಕೀಬೋರ್ಡಿನಿಂದ ಕೈ ತೆಗೆದರು. ಅಡುಗೆಮನೆಯಿಂದ ಬಿರಿಯಾನಿ ತಳ ಹಿಡಿದ ವಾಸನೆ ಬರತೊಡಗಿತು. ಅವರಿಬ್ಬರೂ ಕದಲಲಿಲ್ಲ. ಆ ಬಿರಿಯಾನಿಗಾಗಿಯೇ ಡೆಲ್ಫ್ಟಿನಿಂದ ಸೈಕಲ್ ತುಳಿದು ಬಂದಿದ್ದ ನಾನು ಎದ್ದು ಹೋಗಿ ಒಲೆ ಆರಿಸಿದೆ, ಕಣ್ಣೊರೆಸಿಕೊಂಡೆ, ನೀರು ಕುಡಿದೆ. ವಾಪಸ್ ಬಂದಾಗಲೂ ಖಾಲಾ ಮಗಳನ್ನು ಇಳಿಸಿರಲಿಲ್ಲ.