ಸ್ಕ್ರಿಪ್ಸ್ ರ್ಯಾಂಚಿನ ರಾಜಮಾತೆ

ನಮ್ಮ ಸೋದರತ್ತೆ ಒಬ್ಬ ಚಕ್ರವರ್ತಿಗೆ ತಾಯಿಯಾದದ್ದು ಅರವತ್ತೆಂಟನೇ ವಯಸ್ಸಿನಲ್ಲಿ, ಅದೂ ಸ್ಯಾನ್ ಡಿಯಾಗೋದ ಸ್ಕ್ರಿಪ್ಸ್ ರ್ಯಾಂಚಿನ ನಮ್ಮ ಮನೆಯಲ್ಲಿ! ಗಾಬರಿಯಾಗಬೇಡಿ. ನಮ್ಮ ಮನೆಯಲ್ಲಿ ಗಾಬರಿಯ ಖಾತೆ ಪೂರ್ತಿ ಅತ್ತೆಯದು; ಬೇರೆಯವರಿಗೆ ಅದರಲ್ಲಿ ಪಾಲಿಲ್ಲ.

ಕೋವಿಡ್ ಮುಗಿದ ಮೇಲೆ ನಮ್ಮ ಕನ್ನಡ ಬಳಗದವರು ಒಂದು ನಾಟಕ ಆಡಲು ಹೊರಟರು. ಪಾಳೇಗಾರರ ಮನೆಯ ಹೆಣ್ಣುಮಗಳೊಬ್ಬಳು ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು, ದಾಯಾದಿಗಳ ಕಣ್ಣು ತಪ್ಪಿಸಿ ಮಗನನ್ನು ಬೆಳೆಸಿ, ಚಕ್ರವರ್ತಿ ಮಾಡಿ, ಕೊನೆಗೆ ತಾನೇ ಯುದ್ಧಕ್ಕೆ ಕಳಿಸುವ ಕಥೆ. ರಾಜಮಾತೆಯ ಪಾರ್ಟು ಅತ್ತೆಗೆ ಬಂತು. ಚಕ್ರವರ್ತಿ? ಹುಬ್ಬಳ್ಳಿ ಕಡೆಯ ಟೆಲಿಕಾಂ ಇಂಜಿನಿಯರು. ಒಂಟಿ ಜೀವ, ಅರ್ಧ ತಲೆ ಬೋಳು.

ಮಕ್ಕಳಿಲ್ಲದ ಅತ್ತೆಗೆ ಅಂದಿನಿಂದ ನೆಮ್ಮದಿ ಹೋಯಿತು. "ಎರಡನೇ ಅಂಕದಲ್ಲಿ ಅವನಿಗೆ ವಿಷ ಹಾಕ್ತಾರೆ ಕಣೇ. ಇವನೋ, ಆಫೀಸಲ್ಲಿ ಸಿಕ್ಕಿದ್ದೆಲ್ಲ ತಿಂತಾನೆ!" ಅಂತ ನನ್ನೆದುರು ಗೊಣಗಿ, ಒಂದು ಮಧ್ಯಾಹ್ನ ಅವನಿಗೆ ಫೋನ್ ಮಾಡೇಬಿಟ್ಟರು. ಅವನು ಮೀಟಿಂಗಿನಲ್ಲಿದ್ದ. ಗಡಿಬಿಡಿಯಲ್ಲಿ ಸ್ಪೀಕರ್ ಒತ್ತಿದ. "ಚಕ್ರವರ್ತೀ, ಯಾರು ಕೊಟ್ಟ ಊಟ ಅದು?" ಅನ್ನುವ ಗರ್ಜನೆಗೆ, ಕನ್ನಡವೇ ಬರದ ಮ್ಯಾನೇಜರ್ ಕೂಡ ಕೈಲಿದ್ದ ಸ್ಯಾಂಡ್‌ವಿಚ್ ಕೆಳಗಿಟ್ಟನಂತೆ!

ಸೀರೆಗೆಂದು ಅತ್ತೆಯನ್ನು ನಮ್ಮ ದೇಶದವರ ಅಂಗಡಿಗಳಿರುವ ಆರ್ಟೀಸಿಯಾಕ್ಕೆ ಕರಕೊಂಡು ಹೋದೆ. ದಾರಿಯುದ್ದಕ್ಕೂ "ನಿಧಾನ, ನಿಧಾನ" ಅನ್ನುವ ಜಪ. ಟ್ರಾಫಿಕ್ಕಿನಲ್ಲಿ ನಮ್ಮ ಕಾರು ನಿಂತೇ ಇತ್ತು! ಅಂಗಡಿಯವನು ಮದುವೆ ಸೀರೆಗಳನ್ನು ಹರಡಿದ. ಅತ್ತೆ ದೂರ ತಳ್ಳಿದರು. "ಬೊಕ್ಕಸ ಬರಿದಾಯ್ತು ಅಂತ ಮೊದಲನೇ ಅಂಕದಲ್ಲೇ ಅತ್ತಿರ್ತೀನಿ. ಇಷ್ಟು ಜರಿ ಉಟ್ಕೊಂಡ್ರೆ ಯಾರು ನಂಬ್ತಾರೆ?"

ನಾಟಕದ ದಿನ ಬಂತು. ಪೊಮೊನಾ ಊರಲ್ಲೊಂದು ಸಭಾಂಗಣ, ಮೇಕಪ್ಪು ನನ್ನದು. ಎಲ್ಲರೂ ಬಂದರೂ ಚಕ್ರವರ್ತಿ ಮಾತ್ರ ನಾಪತ್ತೆ, ಫೋನೂ ಎತ್ತುತ್ತಿಲ್ಲ. "ಕಾರು ಕೆಟ್ಟಿತೇನೋ? ಯಾರಾದ್ರೂ ಗುದ್ದಿದ್ರೇನೋ?" ಅತ್ತೆ ಕಿರೀಟ ಎದೆಗವುಚಿಕೊಂಡು ಓಡಾಡಿದ್ದೇ ಓಡಾಡಿದ್ದು. ಕೊನೆಗೆ ಬಂದ. ಮುಖ ಸುಣ್ಣ ಬಳಿದ ಹಾಗಿತ್ತು. ನಾನಿನ್ನೂ ಪೌಡರ್ ಮುಟ್ಟಿರಲಿಲ್ಲ!

"ಏನಾಯ್ತಪ್ಪಾ?"

"ಏನಿಲ್ಲ ಬಿಡ್ರಿ ಆಂಟಿ."

ಅತ್ತೆ ಕಿರೀಟ ಕಟ್ಟುವಾಗ ಮೆಲ್ಲಗೆ ಬಾಯಿಬಿಟ್ಟ. "ನಿನ್ನೆ ಕೆಲಸದಿಂದ ತಗದ್ರು. ಬ್ಯಾರೆ ಕೆಲಸ ಲಗೂನ ಸಿಗಲಿಲ್ಲಂದ್ರ ವೀಸಾನೂ ಹೋಗ್ತದ. ಯಾರಿಗೂ ಹೇಳಬ್ಯಾಡ್ರಿ."

ಇಲ್ಲದ ಸಂಕಟಗಳನ್ನೆಲ್ಲ ಹುಡುಕಿ ಹುಡುಕಿ ಗೋಳಾಡಿದ್ದ ಅತ್ತೆ, ನಿಜವಾದದ್ದು ಎದುರು ಬಂದಾಗ ಮಾಡಿದ್ದು ಇಷ್ಟೇ: ಕಿರೀಟದ ದಾರವನ್ನು ಇನ್ನಷ್ಟು ಬಿಗಿಯಾಗಿ ಕಟ್ಟಿದರು.

ಕೊನೆಯ ದೃಶ್ಯ. ಮಗನ ಕೈಗೆ ಖಡ್ಗ ಕೊಟ್ಟು "ಗೆದ್ದರೆ ಮಾತ್ರ ನನಗೆ ಮುಖ ತೋರಿಸು, ಹೋಗು!" ಅಂತ ರಾಜಮಾತೆ ಗುಡುಗಬೇಕು. ಅತ್ತೆ ಖಡ್ಗ ಕೊಟ್ಟರು. ಮರೆಯಿಂದ ಮಾತು ಹೇಳಿಕೊಡುವವರು ಪಿಸುಗುಟ್ಟಿದರು, ಆಮೇಲೆ ಕೂಗಿದರು. ಅತ್ತೆ ಅವನ ಗಲ್ಲ ಹಿಡಿದರು.

"ಸೋತರೂ ಬಾರಪ್ಪ. ಬಾಗಿಲು ತೆಗೆದೇ ಇರ್ತೀನಿ."

ಕಾಲಿಗೆ ಬಿದ್ದ ಚಕ್ರವರ್ತಿ ಮೇಲೇಳಲಿಲ್ಲ. ಬಳಗದವರು ಗಾಬರಿಯಾಗಿ ಪರದೆ ಬಿಟ್ಟರು.

ಒಳಗೆ ಬಂದು ಕಣ್ಣೊರೆಸಿಕೊಳ್ಳುತ್ತ ಕೇಳಿದ: "ಆ ಮಾತು ನಾಟಕದಾಗ ಇರಲಿಲ್ಲಲ್ರೀ ಆಂಟಿ?"

"ನಾಟಕ ಅಷ್ಟೊತ್ತಿಗೆ ಮುಗಿದಿತ್ತಲ್ಲಪ್ಪ," ಅಂದರು ಅತ್ತೆ.

ಬೇರೆ ಕೆಲಸ ಸಿಕ್ಕಿತು, ಇನ್ನೇನು ವೀಸಾದ ಗಡುವು ಮುಗಿಯಬೇಕು ಅನ್ನುವಾಗ. ಅಲ್ಲಿಯವರೆಗೂ ಅವನು ನಮ್ಮ ಮನೆಯಲ್ಲೇ ಇದ್ದ. ಅವನು ಇಂಟರ್‌ವ್ಯೂಗೆ ಹೋದ ದಿನಗಳಲ್ಲೆಲ್ಲ ಅತ್ತೆ ಹೊಸಿಲ ಪಕ್ಕ ಕುರ್ಚಿ ಹಾಕಿಕೊಂಡು, ಅವನ ಕಾರು ತಿರುವಿನಲ್ಲಿ ಕಾಣುವ ತನಕ ರಸ್ತೆ ನೋಡುತ್ತ ಕೂತಿರುತ್ತಿದ್ದರು.