ನಾನೂರ ಹನ್ನೆರಡು

ಬೆಳಿಗ್ಗೆ ಹೆಂಡತಿ ಕೇಳಿದ ಒಂದು ಪ್ರಶ್ನೆಗೆ ನೆಟ್ಟಗೆ ಉತ್ತರ ಕೊಟ್ಟಿದ್ದರೆ ಗ್ರಂಥಾಲಯದ ಸಹಾಯಕನಿಗೆ ಆ ದಿನದ ಫಜೀತಿ ಯಾವುದೂ ಆಗುತ್ತಿರಲಿಲ್ಲ.

ಆಗ ಅವನು ಮನೆಯ ಕಪಾಟಿನ ಧೂಳು ಹೊಡೆಯುತ್ತಿದ್ದ. ಮೂವತ್ತು ವರ್ಷ ಕೂಡಿಟ್ಟ ಪುಸ್ತಕಗಳು ಅಲ್ಲಿದ್ದವು. ಊರಿಗೆಲ್ಲ ಪುಸ್ತಕ ಹಂಚುವುದು ಅವನ ನೌಕರಿ. ಮನೆಯ ಪುಸ್ತಕ ಮಾತ್ರ ಹೊಸಿಲು ದಾಟುವಂತಿರಲಿಲ್ಲ. ಕೀಲಿ ಸದಾ ಅಂಗಿಯ ಜೇಬಿನಲ್ಲಿ.

ಹೆಂಡತಿ ಊರಾಚೆಯ ಸಣ್ಣ ಶಾಲೆಯೊಂದರ ಮುಖ್ಯೋಪಾಧ್ಯಾಯಿನಿ. ಅರವತ್ತು ಮಕ್ಕಳು, ಒಂದು ಕಪಾಟು. ಅದರೊಳಗೆ ಸೀಮೆಸುಣ್ಣದ ಡಬ್ಬಿ, ಕಾಲಿಲ್ಲದ ಗ್ಲೋಬು. ಓದಲು ಅಂತ ಇದ್ದದ್ದು ಗೋಡೆಗೆ ಅಂಟಿಸಿದ ಹಳೆಯ ಬಸ್ ವೇಳಾಪಟ್ಟಿ. ಮಕ್ಕಳು ಅದನ್ನೇ ಬಾಯಿಪಾಠ ಮಾಡಿದ್ದರು. "ಒಂದು ಹತ್ತು ಪುಸ್ತಕ ಕೊಡ್ರೀ, ಓದಿ ವಾಪಸ್ ಕೊಡ್ತಾರೆ" ಎಂದು ಅವಳು ಕೇಳಿದಾಗೆಲ್ಲ ಅವನದು ಒಂದೇ ಮಾತು: "ಮಂಗನ ಕೈಗೆ ಮಾಣಿಕ್ಯ ಕೊಡೋಕಾಗುತ್ತಾ?"

"ಇವತ್ತು ನಮ್ಮ ಸ್ಕೂಲಿಗೆ ಬರ್ತೀರಂತಲ್ಲ, ಏನು ನೋಡ್ತೀರಿ?" ಎಂದಳು.

"ಕಪಾಟು ನೋಡ್ತೀವಿ."

"ಯಾಕೆ?"

"ಅದೆಲ್ಲ ಹೇಳೋ ಹಾಗಿಲ್ಲ ಕಣೇ."

ಹೇಳುವ ಹಾಗಿರಲಿಲ್ಲ, ನಿಜ. ಗ್ರಂಥಾಲಯದ ಅಧಿಕಾರಿ ಮೇಡಂ ಕಟ್ಟುನಿಟ್ಟಾಗಿ ಅಪ್ಪಣೆ ಮಾಡಿದ್ದರು. "ಇಷ್ಟು ವರ್ಷ ಎಲ್ಲ ಶಾಲೆಗೂ ಸಮ ಹಂಚಿದ್ವಿ. ಉಂಡವನಿಗೂ ಒಂದು ತುತ್ತು, ಹಸಿದವನಿಗೂ ಒಂದು ತುತ್ತು. ಅದು ನ್ಯಾಯ ಅಲ್ಲ. ಈ ಸಲ ಇಲ್ಲದವರಿಗೆ ಮೊದಲು. ಯಾರ ಹತ್ರ ಪುಸ್ತಕ ಎಲ್ಲಕ್ಕಿಂತ ಕಡಿಮೆಯೋ, ಐನೂರು ಹೊಸ ಪುಸ್ತಕ ಅಷ್ಟೂ ಅವರಿಗೇ. ಆದ್ರೆ ಇದು ಶಾಲೆಯವರ ಕಿವಿಗೆ ಬೀಳಬಾರದು. ಬಿದ್ರೆ ಎಲ್ರೂ ಖಾಲಿ ಕಪಾಟು ತೋರಿಸ್ತಾರೆ."

ಸಹಾಯಕ ನಿಶ್ಚಿಂತನಾಗಿದ್ದ. ಹೆಂಡತಿಯ ಶಾಲೆಯಲ್ಲಿರುವುದು ಸೊನ್ನೆ. ಸೊನ್ನೆಗಿಂತ ಕೆಳಗೆ ಯಾರು ತಾನೆ ಇಳಿದಾರು?

ಎಣಿಕೆಯಲ್ಲಿ ಉಳಿದಿದ್ದದ್ದು ಎರಡೇ ಶಾಲೆ. ಮಧ್ಯಾಹ್ನ ಎರಡಕ್ಕೆ ವ್ಯಾನು ಊರಿನ ದೊಡ್ಡ ಶಾಲೆಯ ಮುಂದೆ ನಿಂತಿತು. ಹೊಳೆಯುವ ನೆಲ, ಬಾಗಿಲಲ್ಲೇ ಮೀನಿನ ತೊಟ್ಟಿ. ಆದರೆ ಗ್ರಂಥಾಲಯದಲ್ಲಿ ಸಾಲು ಸಾಲು ಖಾಲಿ ಕಪಾಟು. ಪ್ರಿನ್ಸಿಪಾಲರು ಕರವಸ್ತ್ರದಿಂದ ಕಣ್ಣೊರೆಸಿಕೊಂಡರು. "ನೋಡಿ ನಮ್ಮ ಗತಿ! ಒಟ್ಟು ಏಳು ಪುಸ್ತಕ."

ಆ ಏಳರಲ್ಲಿ ಎರಡು ಟೆಲಿಫೋನ್ ಡೈರೆಕ್ಟರಿ. ಕಪಾಟಿನ ಧೂಳಿನಲ್ಲಿ ಪುಸ್ತಕ ಕೂತಿದ್ದಷ್ಟೇ ಅಗಲದ ಚೊಕ್ಕಟ ಜಾಗಗಳು ಎದ್ದು ಕಾಣುತ್ತಿದ್ದವು. ಆದರೆ ಎಣಿಸಬೇಕಾದದ್ದು ಪುಸ್ತಕ, ಧೂಳಲ್ಲ. ಸಹಾಯಕ ಏಳು ಎಂದು ಬರೆದುಕೊಂಡ. ಸೊನ್ನೆಗೆ ಏಳು ಯಾವ ಲೆಕ್ಕ? ಹೆಂಡತಿ ಗೆದ್ದಂತೆಯೇ.

ಮೂರೂವರೆಗೆ ಹೆಂಡತಿಯ ಶಾಲೆ. ಅವಳು ಇಸ್ತ್ರಿ ಸೀರೆಯುಟ್ಟು, ಇದೇ ಮೊದಲ ಸಲ ಗಂಡನನ್ನು ನೋಡುತ್ತಿರುವಂತೆ "ಬನ್ನಿ ಸಾರ್" ಎಂದಳು. ಕಪಾಟಿನ ಬಾಗಿಲು ತೆರೆದಳು.

ಮೆಟ್ಟಿಲು ಮುಗಿದದ್ದು ಗೊತ್ತಾಗದೆ ಇನ್ನೊಂದು ಹೆಜ್ಜೆ ಇಟ್ಟವನಂತೆ ಸಹಾಯಕ ತೂರಾಡಿದ. ಕಪಾಟು ಬಿರಿಯುವಷ್ಟು ಪುಸ್ತಕ! ಮೇಜಿನ ಮೇಲೆ, ಕಿಟಕಿಯ ಕಟ್ಟೆಯ ಮೇಲೆ, ಕೊನೆಗೆ ಬಿಂದಿಗೆ ಇಡುವ ಜಾಗದಲ್ಲೂ!

"ಇವೆಲ್ಲ... ಪುಸ್ತಕಗಳಾ?" ಎಂದ.

"ಮತ್ತೇನು ಸಾರ್, ಇಟ್ಟಿಗೆನಾ?" ಎಂದ ವ್ಯಾನ್ ಡ್ರೈವರ್. ಯಾರೂ ಹೇಳದಿದ್ದರೂ ಗಟ್ಟಿಯಾಗಿ ಎಣಿಸತೊಡಗಿದ. ಸಹಾಯಕ ಕಣ್ಣು ಮಿಟುಕಿಸಿದ, ಕೆಮ್ಮಿದ, ಅವನ ಕಾಲು ತುಳಿದ. "ಯಾಕೆ ಸಾರ್, ಮೈಗೆ ಹುಷಾರಿಲ್ವಾ? ಇನ್ನೂರ ಆರು, ಇನ್ನೂರ ಏಳು..."

ಸಹಾಯಕ ಒಂದು ಪುಸ್ತಕ ತೆರೆದು ನೋಡಿದ. ಮೊದಲ ಪುಟದಲ್ಲಿ ದೊಡ್ಡ ಶಾಲೆಯ ಮೊಹರು, ನೇರಳೆ ಬಣ್ಣದ್ದು. ಹೆಂಡತಿಯನ್ನು ಮೂಲೆಗೆ ಕರೆದ.

"ಏನೇ ಇದು?"

"ಕೇಳಿದ ತಕ್ಷಣ ಕೈಗಾಡೀಲಿ ತುಂಬಿ ಕಳಿಸಿದ್ರು ಕಣ್ರೀ. ಎಷ್ಟು ಒಳ್ಳೇ ಜನ! ಸಂಜೆ ವಾಪಸ್ ಕೊಡ್ಬೇಕು."

"ನೀನ್ಯಾಕೆ ಕೇಳೋಕೆ ಹೋದೆ?"

"ಇನ್‌ಸ್ಪೆಕ್ಷನ್ ಅಂದ್ಮೇಲೆ ಖಾಲಿ ಕಪಾಟು ತೋರಿಸಿ ಮಾನ ಕಳ್ಕೊಳ್ಲಾ?"

ಇಪ್ಪತ್ತು ವರ್ಷದಿಂದ ಅವಳು ಇನ್‌ಸ್ಪೆಕ್ಷನ್ ಗೆದ್ದದ್ದೇ ಹೀಗೆ. ಬೆಂಚು, ಭೂಪಟ, ಗಡಿಯಾರ ಎಲ್ಲ ಕಡ ತಂದಿದ್ದಳು. ಒಮ್ಮೆ ಹಾಜರಿ ಸಾಲದೆ ಎಂಟು ಮಕ್ಕಳನ್ನೂ ತಂದಿದ್ದಳು.

"ನಾನೂರ ಹನ್ನೆರಡು!" ಡ್ರೈವರ್ ಕೂಗಿದ.

ನಿಜ ಬರೆದರೆ ಸುಳ್ಳು ತೋರಿಸಿದ್ದಕ್ಕೆ ಹೆಂಡತಿಗೆ ನೋಟೀಸು; ಬರೆಯದಿದ್ದರೆ ಅರವತ್ತು ಮಕ್ಕಳಿಗೆ ಬಸ್ ವೇಳಾಪಟ್ಟಿಯೇ ಗತಿ. ಸಹಾಯಕ ಬೆವರೊರೆಸಿಕೊಂಡು 412 ಎಂದು ಬರೆದು ಸಹಿ ಹಾಕಿದ. ಹೆಂಡತಿ ಮೊಹರು ಒತ್ತಿ, ಅದರ ಒಂದು ಪ್ರತಿಯನ್ನು ತನ್ನ ಕಡತದಲ್ಲಿ ಇಟ್ಟುಕೊಂಡಳು.

ಅಧಿಕಾರಿ ಮೇಡಂ ಪಟ್ಟಿಗಳ ಮೇಲೆ ಕಣ್ಣಾಡಿಸಿ, ಐನೂರು ಪುಸ್ತಕವನ್ನೂ ಕೂಡಲೇ ದೊಡ್ಡ ಶಾಲೆಗೆ ಸಾಗಿಸಲು ಹೇಳಿದರು. ಡ್ರೈವರ್ ವ್ಯಾನು ತುಂಬಿಕೊಂಡು ಹೋದ. ವರದಿ ಬರೆದು ಮುಗಿಸಿ ಸಹಾಯಕ ಮನೆ ಮುಟ್ಟಿದಾಗ ಆರೂವರೆ. ಹೆಂಡತಿ ಏನನ್ನೋ ಗೀಚುತ್ತಾ ಕೂತಿದ್ದಳು.

"ಡ್ರೈವರಣ್ಣ ಎಲ್ಲಾ ಹೇಳಿದ್ರು" ಎಂದಳು. "ದೊಡ್ಡ ಸ್ಕೂಲಿಗೂ ನಿಯಮ ಹೇಳಿದ್ದು ಅವ್ರೇ ಅಂತೆ, ಅವ್ರ ಸೊಸೆ ಅಲ್ಲಿ ಗುಮಾಸ್ತೆಯಲ್ವಾ. ಪೂರ್ತಿ ಖಾಲಿ ಇದ್ರೆ ಅನುಮಾನ ಬರುತ್ತೆ ಅಂತ ಏಳು ಉಳಿಸ್ಕೊಂಡಿದ್ರಂತೆ. ಊರಿಗೆಲ್ಲ ಗೊತ್ತಿತ್ತು. ಗೊತ್ತಿಲ್ದೇ ಇದ್ದದ್ದು ನನಗೊಬ್ಬಳಿಗೆ."

"ಆ ಪುಸ್ತಕ ಎಲ್ಲಿ?"

"ನಾಲ್ಕೂವರೆಗೇ ವಾಪಸ್ ಕಳಿಸಿದೆ. ಕೊಟ್ಟ ಮಾತು ಮಾತೇ."

ಜಗಳ ಇಷ್ಟಕ್ಕೇ ಮುಗಿಯಿತಲ್ಲ ಎಂದು ಸಹಾಯಕನಿಗೆ ಜೀವ ಬಂತು. ಮನಸ್ಸು ಹಗುರಾಗಲೆಂದು ಕಪಾಟಿನ ಬಳಿ ಹೋದ. ಬೀಗ ಹಾಗೇ ಇತ್ತು. ಜೇಬಿನಿಂದ ಕೀಲಿ ತೆಗೆದು ಬಾಗಿಲು ತೆರೆದ.

ಎದುರಿಗೆ ಗೋಡೆ ಕಾಣಿಸಿತು. ಹಿಂಬದಿಯ ಹಲಗೆ ಇರಲಿಲ್ಲ. ನೆಲದ ಮೇಲೆ ಎಂಟು ಸ್ಕ್ರೂಗಳನ್ನು ಒಪ್ಪವಾಗಿ ಸಾಲಾಗಿ ಇಡಲಾಗಿತ್ತು.

"ಡ್ರೈವರಣ್ಣನೇ ಬಿಚ್ಚಿಕೊಟ್ರು, ಪಾಪ. ತಪ್ಪು ಮಾಡಿದ್ದೀನಿ ಅಂತ ಅವರಿಗೂ ಅನ್ನಿಸಿತ್ತು. ನಿಮ್ಮ ಗ್ರಂಥಾಲಯದ ವ್ಯಾನಲ್ಲೇ ಸ್ಕೂಲಿಗೆ ಸಾಗಿಸಿದ್ವಿ."

"ಅಯ್ಯೋ! ನನ್ನ ಪುಸ್ತಕ ಕಣೇ ಅವು!"

ಹೆಂಡತಿ ಕಡತದಿಂದ ಹಾಳೆಯೊಂದನ್ನು ತೆಗೆದು ಅವನ ಮುಂದೆ ಹಿಡಿದಳು. "ನಮ್ಮ ಸ್ಕೂಲಲ್ಲಿ ನಾನೂರ ಹನ್ನೆರಡು ಪುಸ್ತಕ ಇದೆ ಅಂತ ಸಹಿ ಹಾಕಿರೋರು ಯಾರ್ರೀ? ನಾಳೆ ಯಾರಾದ್ರೂ ಬಂದು ಕೇಳಿದ್ರೆ ಏನು ತೋರಿಸ್ಲಿ, ಬಸ್ ವೇಳಾಪಟ್ಟಿನಾ?"

ಸಹಾಯಕ ಸಹಿಯನ್ನು ನೋಡಿದ. ಅವನದೇ. ಕೊನೆಯಲ್ಲಿ ಎಳೆದ ಸುಳಿಯೂ ಅವನದೇ.

"ಇಲ್ಲದವರಿಗೆ ಮೊದಲು ಅಂತಲ್ವಾ ನಿಯಮ?" ಎನ್ನುತ್ತಾ ಅವಳು ಗೀಚುತ್ತಿದ್ದ ಚೀಟಿಯನ್ನು ಅವನ ಕೈಗಿಟ್ಟಳು. "ನಿಮ್ಮ ಕಪಾಟಲ್ಲಿ ಇದ್ದದ್ದು ಮುನ್ನೂರ ತೊಂಬತ್ತೆಂಟೇ. ಇನ್ನೂ ಹದಿನಾಲ್ಕು ಕಮ್ಮಿ. ಮಕ್ಕಳು ಕೇಳಿದ ಹೆಸರು ಬರ್ದಿದೀನಿ. ಅಂಗಡಿ ಎಂಟಕ್ಕೆ ಮುಚ್ಚುತ್ತೆ, ಚಪ್ಪಲಿ ಬಿಚ್ಚಬೇಡಿ."