ಹಾರ್ಮೋನಿಯಮ್ಮಿಗೊಂದು ಕೌದಿ

ಹಾರ್ಮೋನಿಯಮ್ಮಿಗೆ ಥಂಡಿ ಆಗುತ್ತದೆಂದು ಕೌದಿ ಹೊಲಿದವರನ್ನು ನೀವು ಕಂಡಿದ್ದೀರಾ? ನಾನು ಕಂಡಿದ್ದೇನೆ. ಅವಳು ನಮ್ಮ ತಂದೆಯ ಅಕ್ಕ, ನನ್ನ ಸೋದರತ್ತೆ. ಅಷ್ಟೇ ಆಗಿದ್ದರೆ ಹೇಗೋ ಸಹಿಸಬಹುದಿತ್ತು. ಅವಳು ಒಂದೇ ಕಾಲಕ್ಕೆ ಐದು ಕೌದಿ ಹಿಡಿದಿದ್ದಳು, ಐದರಲ್ಲಿ ಒಂದನ್ನೂ ಮುಗಿಸುತ್ತಿರಲಿಲ್ಲ!

ನನಗೆ ಇಂಥದು ಆಗಿಬರುವುದಿಲ್ಲ. ಟ್ರೇನಿಂಗ್ ಕಾಲೇಜಿನ ವಸತಿಗೃಹದಲ್ಲಿ ಗಂಟೆ ಬಾರಿಸಿದಾಗ ಎದ್ದು, ಗಂಟೆ ಬಾರಿಸಿದಾಗ ಉಂಡು, ಗಂಟೆ ಬಾರಿಸಿದಾಗ ಮಲಗಿ ಶಿಕ್ಷಕಿಯಾದವಳು ನಾನು. ಇಂದಿಗೂ ಒಂದು ಪತ್ರ ಬರೆದು ಅಂಚೆಪೆಟ್ಟಿಗೆಗೆ ಹಾಕಿ ಬರುವವರೆಗೆ ಎರಡನೆಯದಕ್ಕೆ ಕಾಗದ ತೆಗೆಯುವುದಿಲ್ಲ. ಅಂಥ ನಾನು ಜಮಖಂಡಿಯ ತವರುಮನೆಯ ಪಡಸಾಲೆಯಲ್ಲಿ ಅವಳ ಎದುರಿಗೆ ಎರಡು ತಿಂಗಳು ಕೂರಬೇಕಾಯಿತು. ಹೆರಿಗೆಗೆ ಹೋಗಿದ್ದೆ.

ಸಂಸ್ಥಾನ ಹೋಗಿ ಮುಂಬಯಿ ರಾಜ್ಯ ಬಂದಿದ್ದ ದಿನಗಳು. ಅಪ್ಪ ಕಚೇರಿಯಲ್ಲಿ ಕಾರಕೂನ. ಸರಕಾರ ಬದಲಾದರೂ ಅವರ ಕುರ್ಚಿಯ ಮುರುಕು ಕಾಲು ಬದಲಾಗಿರಲಿಲ್ಲ. ಸಂಕ್ರಾಂತಿ ಕಳೆದರೂ ಥಂಡಿ ಬಿಟ್ಟಿರಲಿಲ್ಲ. ಮನೆಯಲ್ಲಿ ಮಾತು ಕಡಿಮೆ, ನಗು ಅದಕ್ಕಿಂತ ಕಡಿಮೆ. ಅದು ನನ್ನ ಮೂರನೆಯ ಬಸಿರು. ಮೊದಲಿನ ಎರಡು ಕೂಸುಗಳೂ ಉಳಿದಿರಲಿಲ್ಲ. ಒಂದು ಒಂಬತ್ತು ದಿನ ಇತ್ತು, ಇನ್ನೊಂದು ಒಂದೇ ದಿನ.

ಆ ಎರಡಕ್ಕೂ ನಾನು ಎಲ್ಲವನ್ನೂ ಮೊದಲೇ ಸಿದ್ಧಮಾಡಿ ಇಟ್ಟಿದ್ದೆ. ಕುಂಚಿಗೆ, ಅಂಗಿ, ಹೊದಿಕೆ; ಅವಕ್ಕೊಂದು ಪಟ್ಟಿ, ಪಟ್ಟಿಗೆ ನಂಬರು! ಹುಟ್ಟದ ಕೂಸಿಗೆ ಅರಿವೆ ಹೊಲಿದಿಟ್ಟರೆ ದೃಷ್ಟಿ ತಾಕುತ್ತದೆಂಬುದು ನಮ್ಮ ಕಡೆಯ ನಂಬಿಕೆ. ಆಗ ನಾನು ಅದಕ್ಕೆ ನಕ್ಕಿದ್ದೆ. ಈ ಸಲ ನಾನು ಬಸ್ಸಿನಿಂದ ಇಳಿದು ಬಂದ ದಿನವೇ ಅವ್ವ ಹೇಳಿದಳು: "ಕೂಸಿನ ಹೆಸರಿನ್ಯಾಗ ಒಂದು ನೂಲಿನ ಎಳಿನೂ ಈ ಮನ್ಯಾಗ ಬರಬಾರದು."

ನಾನು ನಗಲಿಲ್ಲ. ಎರಡು ಸಲವೂ ತಪ್ಪು ನನ್ನದೇ ಎಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಹೇಳಿದ್ದರೆ ವಾದಿಸಬಹುದಿತ್ತು.

ಅತ್ತೆಗೆ ಮಾತ್ರ ಇದಾವುದರ ಗೊಡವೆಯೂ ಇದ್ದಂತೆ ಕಾಣಲಿಲ್ಲ. ರಬಕವಿಯ ಅರಿವೆ ಅಂಗಡಿಯಿಂದ ಫ್ಲಾನೆಲ್ ತುಂಡುಗಳ ದೊಡ್ಡ ಗಂಟು ತರಿಸಿ ಪಡಸಾಲೆಯ ತುಂಬ ಹರವಿಕೊಂಡಿದ್ದಳು. ಒಂದು ಕೌದಿಯಲ್ಲಿ ಎರಡು ಸಾಲು ಹೊಲಿದು ಬದಿಗಿಡುವಳು, ಇನ್ನೊಂದನ್ನು ಎಳೆದುಕೊಳ್ಳುವಳು, ಅದಕ್ಕೂ ಎರಡೇ ಸಾಲು. ಐದರ ಸರದಿಯೂ ಆದ ಮೇಲೆ ಮತ್ತೆ ಮೊದಲನೆಯದು. ನೋಡುತ್ತ ಕುಳಿತ ನನಗೆ ತಲೆ ಸುತ್ತುತ್ತಿತ್ತು, ಬಸುರಿನಿಂದಲ್ಲ!

ಒಂದು ದಿನ ತಡೆಯಲಾರದೆ ಇದು ಯಾರಿಗೆಂದು ಕೇಳಿದೆ.

"ಪೇಟಿಗೆ," ಎಂದಳು. ಪೇಟಿ ಎಂದರೆ ಮೂಲೆಯಲ್ಲಿದ್ದ ಹಾರ್ಮೋನಿಯಂ. ಅಜ್ಜ ತೀರಿಕೊಂಡ ಮೇಲೆ ಅದನ್ನು ಯಾರೂ ಮುಟ್ಟಿರಲಿಲ್ಲ. "ಅದಕ ಥಂಡಿ ಹತ್ತಿ ದನಿ ಬಿದ್ದೈತಿ."

ಎರಡನೆಯದು ಮೊಸರಿನ ಗಡಿಗೆಗಂತೆ, ಥಂಡಿಗೆ ಹಾಲು ಹೆಪ್ಪುಗಟ್ಟುವುದಿಲ್ಲವಂತೆ. ಮೂರನೆಯದು ನೀರಿನ ಹಂಡೆಗೆ. ನಾಲ್ಕನೆಯದು ಗೋಡೆಯ ಗಡಿಯಾರಕ್ಕೆ, ಏಕೆಂದರೆ ಚಳಿಯಲ್ಲಿ ಅದು ಹಿಂದೆ ಬೀಳುತ್ತಿತ್ತು. ಐದನೆಯದು ನೆರೆಮನೆಯ ನಾಯಿಗೆ!

ಅದು ಮುಧೋಳದ ತಳಿಯ ಬೇಟೆ ನಾಯಿ, ಮೈಮೇಲಿನ ಎಲುಬುಗಳನ್ನು ದೂರದಿಂದಲೇ ಎಣಿಸಬಹುದಿತ್ತು. ಅತ್ತೆ ದಾರ ಹಿಡಿದು ಅಳತೆಗೆ ಹೋದಾಗ ಅದು ಗೋಡೆ ಹಾರಿ ಓಡಿತು. ಸಂಜೆ ಅದರ ಯಜಮಾನ ಬಂದು ಕಟ್ಟೆಯ ಮೇಲೆ ಕುಳಿತ.

"ಅವ್ವಾರ, ಇದು ಮೊಲಾ ಹಿಡಿಯೋ ನಾಯಿ ರೀ. ಕೌದಿ ಹೊತಗೊಂಡು ಮಲಗಿದ್ರ ಮೊಲಾ ಬಂದು ಇದನ್ನ ಹಿಡೀತಾವ."

"ಮೊಲಕೂ ಒಂದು ಹೊಲಿದು ಕೊಡತೇನಿ ತಗೋಪಾ," ಎಂದು ಅತ್ತೆ ಸೂಜಿಯಿಂದ ಕಣ್ಣೆತ್ತದೆ ಹೇಳಿದಳು.

ಮುಂದಿನ ವಾರ ಅಪ್ಪನ ಫ್ಲಾನೆಲ್ ಅಂಗಿ ಒಣಹಾಕಿದ ಹಗ್ಗದಿಂದಲೇ ಮಾಯವಾಯಿತು. ಅಪ್ಪ ಮೂರು ದಿನ ಕಳ್ಳನನ್ನು ಬೈಯುತ್ತ, ನಡುಗುತ್ತ ಕಚೇರಿಗೆ ಹೋದರು. ನಾಲ್ಕನೆಯ ದಿನ ಹಾರ್ಮೋನಿಯಮ್ಮಿನ ಕೌದಿಯಲ್ಲಿ ತಮ್ಮ ಕಿಸೆಯನ್ನು ಗುರುತು ಹಿಡಿದರು. ತಾವು ಪೇಟಿಗಿಂತ ಕಡಿಮೆಯೇ ಎಂದು ಅಕ್ಕನನ್ನು ಕೇಳಿದರು. ಪೇಟಿ ದಿನಾ ಕೆಮ್ಮಿ ಮಂದಿಯ ನಿದ್ದೆ ಕೆಡಿಸುವುದಿಲ್ಲ ಎಂದು ಉತ್ತರ ಬಂತು.

ಕೊನೆಗೆ ನಾನೇ ಶಿಸ್ತು ತರಲು ಹೊರಟೆ. ಕಾಗದದ ಮೇಲೆ ಗೆರೆ ಹೊಡೆದು ವೇಳಾಪಟ್ಟಿ ಬರೆದೆ: ಮೊದಲು ಗಡಿಗೆಯದನ್ನು ಪೂರ್ತಿ ಮುಗಿಸುವುದು, ಆಮೇಲೆ ಹಂಡೆಯದು, ಹೀಗೆ. ಅತ್ತೆ ಅದನ್ನು ಶ್ರದ್ಧೆಯಿಂದ ಓದಿಸಿಕೊಂಡಳು, ಅಕ್ಷರ ಚೆಂದವೆಂದು ಹೊಗಳಿದಳು. ಮರುದಿನ ನೋಡಿದರೆ ಅದನ್ನು ನಾಲ್ಕಾಗಿ ಮಡಚಿ ಸೂಜಿ ಚುಚ್ಚಿಡಲು ಇಟ್ಟುಕೊಂಡಿದ್ದಳು!

ಮಾಘ ಇನ್ನೂ ಮುಗಿದಿರಲಿಲ್ಲ. ಎಣಿಸಿದ್ದಕ್ಕಿಂತ ಮೂರು ವಾರ ಮೊದಲೇ, ಒಂದು ಮೋಡ ಕವಿದ ಮಧ್ಯಾಹ್ನ ಹೆಣ್ಣು ಕೂಸು ಹುಟ್ಟಿತು. ಎರಡು ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣದು. ಪಾದಗಳು ನೀಲಿಗಟ್ಟಿದ್ದವು. ಅಳುವಿಗೆ ದನಿಯಿರಲಿಲ್ಲ. ಜಲ್ದಿ ಬೆಚ್ಚಗೆ ಸುತ್ತಿರೆಂದು ಸೂಲಗಿತ್ತಿ ಅವಸರಪಡಿಸಿದಳು. ಅವ್ವ ಸುತ್ತಲೂ ನೋಡಿದಳು. ಮನೆಯಲ್ಲಿ ಕೂಸಿಗೆಂದು ಒಂದು ಚಿಂದಿಯೂ ಇರಲಿಲ್ಲ, ಅವಳದೇ ಅಪ್ಪಣೆ. ತನ್ನ ಸೆರಗನ್ನೇ ಎಳೆದು ಸುತ್ತಲು ಹೋದಳು.

ಅತ್ತೆ ಐದು ಕೌದಿಗಳನ್ನೂ ಎತ್ತಿಕೊಂಡು ಬಂದು ಹಾಸಿಗೆಯ ಬದಿಗೆ ಇಟ್ಟಳು. ಎಲ್ಲವನ್ನೂ ಅಳೆದು ನೋಡುವ ನನಗೆ ಆಗ ಕಣ್ಣಿಗೆ ಬಿತ್ತು: ಐದೂ ಒಂದೇ ಅಳತೆ. ಒಂದೂವರೆ ಮೊಳ. ಹಂಡೆಯನ್ನು ಸುತ್ತಲು ಸಾಲದು, ನಾಯಿಯ ಬೆನ್ನಿಗೂ ಸಾಲದು.

ಅವ್ವ ಕೌದಿಗಳತ್ತ ಚಾಚಿದ ಕೈಯನ್ನು ಹಿಂದಕ್ಕೆ ಎಳೆದುಕೊಂಡಳು. "ಅಕ್ಕಾರ, ಖರೆ ಹೇಳ್ರಿ. ಇದರಾಗ ಕೂಸಿಂದು ಯಾವುದು?"

"ಯಾವುದೂ ಅಲ್ಲ," ಎಂದಳು ಅತ್ತೆ. "ಕೂಸಿಗಂತ ನಾ ಏನೂ ಹೊಲದಿಲ್ಲ. ಇದು ಪೇಟೀದು, ಅದು ನಾಯೀದು, ಅದು ಗಡಿಯಾರದ್ದು. ಯಾರರ ಕಣ್ಣಿಟ್ಟು ನೋಡಾಕತ್ತಿದ್ರ, ಯಾವುದರ ಮ್ಯಾಲ ಇಡ್ತಾರೋ ಇಡ್ಲಿ. ಪೇಟೀದು ಮೆತ್ತಗೈತಿ. ಪೇಟೀನ ಕೇಳಿ ನಾಕು ದಿವಸ ಇಸಗೊಳ್ಳೂಣು."

ಅವ್ವ ಪೇಟಿಯ ಕೌದಿಯನ್ನು ತೆಗೆದು ಕೂಸನ್ನು ಅದರಲ್ಲಿ ಸುತ್ತಿ ನನ್ನ ಎದೆಗೆ ಒತ್ತಿ ಮಲಗಿಸಿದಳು.

ಕೂಸು ಉಳಿಯಿತು. ಓದುವವರನ್ನು ಕಾಯಿಸುವುದು ನನ್ನ ರೂಢಿಯಲ್ಲ, ಈಗಲೇ ಹೇಳಿಬಿಡುತ್ತೇನೆ. ಆದರೆ ಆ ಮಧ್ಯಾಹ್ನ ನಮಗೆ ಯಾರಿಗೂ ಅದು ಗೊತ್ತಿರಲಿಲ್ಲ. ಅವ್ವ ಪಡಸಾಲೆಗೆ ಹೋದದ್ದು ಅರೆ ತೆರೆದ ಬಾಗಿಲಿನಿಂದ ಕಾಣುತ್ತಿತ್ತು. ಮೂಲೆಯಲ್ಲಿದ್ದ ಹಾರ್ಮೋನಿಯಮ್ಮಿನ ಮುಂದೆ ಕುಳಿತು, ಅದರ ಮೇಲಿನ ಧೂಳನ್ನು ಸೆರಗಿನಿಂದ ಒರೆಸಿದಳು. ನೆರೆಯವರ ಮನೆಗೆ ಏನನ್ನೋ ಕೇಳಲು ಹೋದವರ ಸಂಕೋಚ ಅವಳ ದನಿಯಲ್ಲಿತ್ತು.

"ತಪ್ಪು ತಿಳಕೋಬ್ಯಾಡಪಾ," ಎಂದಳು. "ಕೂಸು ಭಾಳ ಸಣ್ಣದೈತಿ."